ಹ್ಞೂ, ಎಳಿಯಮ್ಮಾ!

ನಮ್ಮ ಚಾಚಾ ಅವರ ಬೆರಳ ತುದಿಗಳು ಬಿಳಿಚಿಕೊಂಡು, ಉಬ್ಬಿ, ನುಣ್ಣಗಾಗಿದ್ದವು. ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಒಪ್ಪುತ್ತಲೇ ಇರಲಿಲ್ಲ. "ನಾನಿದೀನಿ ಅಂತ ಅದ್ಕೆ ನಂಬ್ಕೆನೇ ಇಲ್ಲ ಬೇಟಾ," ಎಂದು ನಗುತ್ತಿದ್ದರು. ಜೀವನವಿಡೀ ಕುದಿಯುವ ನೀರಿಗೆ ಕೈ ಹಾಕಿ ರೇಷ್ಮೆಗೂಡಿನ ಎಳೆ ಹುಡುಕಿದ ಬೆರಳು, ಗೆರೆ ಎಲ್ಲಿ ಉಳಿದೀತು?

ರಾಮನಗರದಲ್ಲಿ ಅವರದೊಂದು ಚರಕದ ಶೆಡ್ಡು. ಬಿಸಿನೀರಿನ ಮುಂದೆ ಕೂತು ನೂಲು ಬಿಚ್ಚುತ್ತಿದ್ದವರು ಚಾಚಾ, ಪಕ್ಕದಲ್ಲಿ ಕೂಲಿಗೆ ಚಕ್ರ ತಿರುಗಿಸುತ್ತಿದ್ದವಳು ನಮ್ಮವ್ವ. ಎಳೆ ಕಡಿದರೆ ಚಾಚಾ ಕೈ ಎತ್ತುವರು, ಚಕ್ರ ನಿಲ್ಲುವುದು. ಎಳೆ ಸಿಕ್ಕ ಮೇಲೆ ರಾಗವಾಗಿ ಕೂಗುವರು: "ಹ್ಞೂ... ಎಳಿಯಮ್ಮಾ!" ಚಕ್ರ ಮತ್ತೆ ಗರಗರ.

ನಾವು ನಾಲ್ವರು ಗೆಳೆಯರ ರಾಕ್ ಬ್ಯಾಂಡಿಗೆ ಊರಲ್ಲಿ ಯಾರೂ ಜಾಗ ಕೊಡದಿದ್ದಾಗ ಆ ಶೆಡ್ಡಿನ ಹಿಂದಿನ ಕೋಣೆ ಬಿಟ್ಟುಕೊಟ್ಟವರೂ ಅವರೇ. ಬೆಂದ ಹುಳುವಿನ ನಾತ ಮೂಗಿಗೆ ಬಡಿಯುತ್ತಿತ್ತು. "ಬಡೀರಿ, ಬಡೀರಿ. ಬೆಂದೋಗಿರೋ ಹುಳ ಏನ್ ಗಲಾಟೆ ಅಂತ ಎದ್ ಬತ್ತದಾ?" ಅನ್ನೋರು.

ನಮ್ಮ ಹಿಟ್ ಹಾಡು ಹುಟ್ಟಿದ್ದು ಅಲ್ಲೇ. ನಡುವೆ ಡ್ರಮ್ ಗಕ್ಕನೆ ನಿಲ್ಲುತ್ತದೆ, ಒಂದು ಗಳಿಗೆ ಏನೂ ಇಲ್ಲ, ಆಮೇಲೆ ನಾನು "ಹ್ಞೂ... ಎಳಿಯಮ್ಮಾ!" ಎಂದು ಕಿರುಚುತ್ತೇನೆ. ಅದನ್ನು ಹಾಡದೆ ಇವತ್ತಿಗೂ ಯಾವ ಕಾಲೇಜಿನವರೂ ನನ್ನನ್ನು ಸ್ಟೇಜಿನಿಂದ ಇಳಿಯಗೊಡುವುದಿಲ್ಲ. ಹಾಡೀ ಹಾಡೀ ಸಾಕಾಗಿದೆ, ಸ್ವಾಮಿ. ಅದಕ್ಕಿಂತ ಸಾಕಾಗಿರುವುದು ಆ ಪ್ರಶ್ನೆ: "ಸಾರ್, ಈ ಹಾಡಿನ ಹಿಂದಿನ ಕಥೆ ಏನು?"

ಮೊದಲ ಸಲ ಟೀವಿಯಲ್ಲಿ ಕೇಳಿದಾಗ, ನಮ್ಮವ್ವ ಚರಕದ ಕೂಲಿ ಎನ್ನಲು ನಾಚಿಕೆಯಾಯಿತು. ರೈಲು ಸಿಗ್ನಲ್ಲಿನಲ್ಲಿ ನಿಂತು ಹೊರಟಾಗ ಹೊಳೆಯಿತು ಎಂದುಬಿಟ್ಟೆ. ಥೂ, ಆ ಸುಳ್ಳು ಅಂಟಿಕೊಂಡೇ ಬಂತು.

ಚನ್ನಪಟ್ಟಣದ ಕಾರ್ಯಕ್ರಮಕ್ಕೆ ಚಾಚಾನೂ ಅವ್ವನೂ ಬಂದು ಮೊದಲ ಸಾಲಿನಲ್ಲಿ ಕೂತಿದ್ದರು. ನಿರೂಪಕಿ ಅದನ್ನೇ ಕೇಳಿದಳು. ಇಬ್ಬರ ಮುಖವನ್ನೂ ನೋಡಿದೆ, ನೋಡಿಯೂ ರೈಲಿನ ಕಥೆಯನ್ನೇ ಹೇಳಿದೆ. ಆಮೇಲೆ ಚಾಚಾ ಆ ನುಣುಪು ಕೈಯಲ್ಲಿ ನನ್ನ ಕೈ ಹಿಡಿದುಕೊಂಡರು.

"ನಂದ್ ಬುಡು ಬೇಟಾ. ನಿಮ್ಮವ್ವನ್ನ ಯಾಕೆ ರೈಲು ಹತ್ತಿಸ್ಬುಟ್ಟೆ?"

ಅವ್ವ ಎತ್ತಲೋ ನೋಡುತ್ತಿದ್ದಳು.

"ಮುಂದಿನ ಸಲ ನಿಜ ಹೇಳ್ತೀನಿ ಚಾಚಾ," ಎಂದೆ.

"ಹೇಳು. ಒಸಿ ಬೇಗ ಹೇಳು," ಎಂದರು.

ಹೇಳಲಿಲ್ಲ. ಇವತ್ತು, ನಾಳೆ ಎನ್ನುತ್ತಲೇ ಇದ್ದೆ. ರಂಜಾನ್ ಮುಗಿದ ವಾರ ಚಾಚಾ ತೀರಿಕೊಂಡರು.

ಮಣ್ಣು ಮಾಡಿ ಬಂದ ದಿನ ಅವ್ವ ಹೇಳಿದಳು: "'ಹಾಡಲ್ಲಿರೋದು ನಿನ್ ಕೂಗು ಕಣಯ್ಯ' ಅಂತ ಬೇರೆ ಚರಕದ ರೀಲರುಗಳೆಲ್ಲ ನಿಮ್ ಚಾಚಾಗೆ ಅಂತಿದ್ರು ಮಗ. ಅವರು ಒಪ್ತಾನೇ ಇರ್ಲಿಲ್ಲ. 'ಅಲ್ಲ, ರೈಲಲ್ಲಿ ಬಂದಿದ್ದು. ನಮ್ ಹುಡುಗ ಸುಳ್ ಹೇಳ್ತಾನಾ?' ಅಂತ ಜಗಳಕ್ಕೇ ಹೋಗೋರು."

ನನ್ನ ಸುಳ್ಳನ್ನು ಅವರು ಕಾಯ್ದರು. ಅವರ ಕೂಗನ್ನು ನಾನು ಕಾಯಲಿಲ್ಲ.

ಹೋದ ವಾರ ಕನಕಪುರದಲ್ಲಿ ಯಾರೂ ಕೇಳುವ ಮೊದಲೇ ಎಲ್ಲ ಹೇಳಿದೆ. ಶೆಡ್ಡು, ಬಿಸಿನೀರು, ಚಾಚಾ, ಚಕ್ರ ತಿರುಗಿಸಿದ ನಮ್ಮವ್ವ. ಜನ ಚಪ್ಪಾಳೆ ತಟ್ಟಿದರು. ಹಾಡು ಶುರುವಾಯಿತು. ಡ್ರಮ್ ಗಕ್ಕನೆ ನಿಂತಾಗ ನಾನು ಕೆಳಗೆ ನೋಡಿದೆ. ಮೊದಲ ಸಾಲಿನಲ್ಲಿ ಅವ್ವ, ಚಕ್ರದ ಹಿಡಿ ಕೈಯಲ್ಲಿದ್ದವಳ ಹಾಗೆ ಮುಷ್ಟಿ ಬಿಗಿದು, ಚಾಚಾ ಕೂಗಲಿ ಎಂದು ಕಾಯುತ್ತಿದ್ದಳು.