ಕೊನೆಯಲ್ಲಿ ನಡೆಯುವ ರಾನಕ್ಕ

ಚೊಂಗ್‌ಚಿಂಗ್‌ನಲ್ಲಿ ಗೈಡುಗಳಿಗೆ ಬರವಿಲ್ಲ. ಪುಟ್ಟ ಬಾವುಟ ಎತ್ತಿ ಹಿಡಿದು, ಹಿಂದೆ ಬರುವವರು ಬಂದರೋ ಬಿದ್ದರೋ ನೋಡದೆ ದಾಪುಗಾಲು ಹಾಕುವವರು ಬೇಕಾದಷ್ಟಿದ್ದಾರೆ. ಹತ್ತೊಂಬತ್ತು ವರ್ಷದಿಂದ ಟೂರಿಸ್ಟ್ ಬಸ್ಸು ಓಡಿಸುತ್ತಿರುವ ನಾನು ಅಂಥವರನ್ನು ಸಾಕು ಸಾಕೆನಿಸುವಷ್ಟು ನೋಡಿದ್ದೇನೆ. ರಾನ್ ಶುಹ್ವೇ ಮಾತ್ರ ಬೇರೆ. ಬಸ್ಸಿಳಿದ ಕೂಡಲೇ ಬಾವುಟವನ್ನು ಗುಂಪಿನಲ್ಲಿ ಅತಿ ಅವಸರದವರ ಕೈಗೆ ಕೊಟ್ಟು, ಹೋಗಬೇಕಾದ ಜಾಗ ಹೇಳಿ, ತಾನು ಎಲ್ಲರಿಗಿಂತ ಕೊನೆಯವರ ಜೊತೆ ಹೆಜ್ಜೆ ಹಾಕುತ್ತಾಳೆ. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವಳು. ಆದರೂ ಎಲ್ಲರ ಹಾಗೆ ನಾನೂ ಅವಳನ್ನು ರಾನಕ್ಕ ಎಂದೇ ಕರೆಯುವುದು.

ಅವಳ ತಾಯಿ ನದಿ ಬಂದರಿನಲ್ಲಿ ಮೂಟೆ ಹೊರುತ್ತಿದ್ದರು. ನಲವತ್ತೈದಕ್ಕೆಲ್ಲ ಮಂಡಿ ಕೈಕೊಟ್ಟಿತ್ತು. ಬಂದರಿನಿಂದ ಮನೆಗೆ ಮುನ್ನೂರು ಚಿಲ್ಲರೆ ಮೆಟ್ಟಿಲು. ಶಾಲೆ ಬಿಟ್ಟೊಡನೆ ಹುಡುಗಿ ಓಡಿಹೋಗಿ, ತಾಯಿಯ ಬೆನ್ನಿಗೆ ಕೈಯಿಟ್ಟು ಹಿಂದಿನಿಂದ ಹತ್ತಿಸಿಕೊಂಡು ಬರುತ್ತಿದ್ದಳಂತೆ. "ಮೆಟ್ಲು ಹತ್ತೋರು ಬಿದ್ರೆ ಹಿಂದಕ್ಕೇ ಬೀಳೋದು ಮೋ ಅಣ್ಣ. ಮುಂದೆ ನಿಂತು ಬಾವುಟ ಆಡಿಸಿದ್ರೆ ಹಿಡ್ಕೊಳ್ಳೋರ್ಯಾರು?" ಎಂದು ಒಮ್ಮೆ ನನಗೆ ಹೇಳಿದ್ದಳು.

ನನ್ನ ಹೆಂಡತಿ ಹದಿನಾರು ದಿನ ಆಸ್ಪತ್ರೆಯಲ್ಲಿದ್ದಾಗ ದಿನಾ ಬೆಳಿಗ್ಗೆ ಗಂಜಿ ತಂದುಕೊಟ್ಟವಳೂ ಇದೇ ರಾನಕ್ಕ. ಥ್ಯಾಂಕ್ಸ್ ಹೇಳಲು ಹೋದರೆ, "ಮೊದಲು ಬಸ್ಸಿನ ಗಾಜು ಒರೆಸು, ಗಬ್ಬೆದ್ದಿದೆ" ಅಂದಿದ್ದಳು.

ಆ ದಿನ ನಮ್ಮ ಬಸ್ಸಿನಲ್ಲಿದ್ದವರು ಹೆನಾನಿನ ಬಯಲುಸೀಮೆಯಿಂದ ಬಂದ ಮೂವತ್ತು ಮಂದಿ. ಅವರಲ್ಲಿ ಎಪ್ಪತ್ತೊಂಬತ್ತರ ಕೋ ಅಜ್ಜಿ ಎಲ್ಲರಿಗಿಂತ ನಿಧಾನ, ಅವರ ಮಗಳು ಯಾನ್‌ಷಿಯಾ ಎಲ್ಲರಿಗಿಂತ ಅವಸರ. ಹಾಗಾಗಿ ಬಾವುಟ ಮಗಳ ಕೈಗೆ ಹೋಯಿತು, ಅಜ್ಜಿ ರಾನಕ್ಕನ ಪಾಲಿಗೆ ಬಂದರು. ಬೆಳಗ್ಗೆಯೆಲ್ಲ ಹಳೆಯ ಬೀದಿಗಳಲ್ಲಿ ಇಬ್ಬರೂ ಹರಟುತ್ತ ಗುಂಪಿನಿಂದ ಒಂದು ಫರ್ಲಾಂಗು ಹಿಂದೆಯೇ ಇದ್ದರು. ಮಧ್ಯಾಹ್ನ ನೂಡಲ್ಸ್ ಬಟ್ಟಲು ಮುಂದೆ ಬಂದಾಗ ಅಜ್ಜಿ, "ನಿಮ್ಮೂರಲ್ಲಿ ಊಟಕ್ಕೆ ಮೆಣಸಿನಕಾಯಿ ಹಾಕ್ತೀರೋ, ಮೆಣಸಿನಕಾಯಿಗೆ ಊಟ ಹಾಕ್ತೀರೋ?" ಎಂದು ಕೇಳಿ ಎಲ್ಲರನ್ನೂ ನಗಿಸಿದರು.

ಆಗಲೇ ಮ್ಯಾನೇಜರ್ ಫೋನು ಬಂದದ್ದು. ಹೊಸ ಮನುಷ್ಯ, ದನಿ ಮಾತ್ರ ಹಳೇ ಜಮೀನ್ದಾರನದು. ಪಕ್ಕದಲ್ಲಿ ಕೂತ ನನಗೂ ಕೇಳಿಸುತ್ತಿತ್ತು.

"ಗೈಡು ಕಣ್ಣಿಗೇ ಬೀಳಲ್ಲ, ಬಾವುಟ ನಾವೇ ಹೊರಬೇಕು ಅಂತ ಈ ಗುಂಪಿನೋರೇ ಬರೆದಿದಾರೆ. ಈ ವರ್ಷ ಇದು ಎರಡನೇ ದೂರು. ಮೂರನೇದು ಬಂದ್ರೆ ಗೈಡ್ ಕಾರ್ಡು ಮೇಜಿನ ಮೇಲಿಟ್ಟು ಮನೆಗೆ ಹೋಗಿ. ಈಗಿಂದೀಗ್ಲೇ ಮುಂದೆ ನಡೀರಿ!"

ರಾನಕ್ಕನಿಗೆ ಐವತ್ಮೂರು ವರ್ಷ. ಈ ಕೆಲಸ ಬಿಟ್ಟರೆ ಬೇರೆ ಕೆಲಸ ಕಲಿತಿಲ್ಲ, ಕಲಿಯುವ ಮನಸ್ಸೂ ಇಲ್ಲ. ಎದ್ದು ಹೋಗಿ ಯಾನ್‌ಷಿಯಾಳ ಕೈಯಿಂದ ಬಾವುಟ ವಾಪಸು ತೆಗೆದುಕೊಂಡಳು.

"ಏನಕ್ಕಾ, ಮೆರವಣಿಗೆಗೆ ಹೊರಟೆಯಾ?" ಎಂದು ರೇಗಿಸಿದೆ. ಅವಳು ನಗಲಿಲ್ಲ. ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ ಅಂದುಕೊಂಡೆ.

ಮಧ್ಯಾಹ್ನ ನೋಡಬೇಕಾಗಿದ್ದದ್ದು ಗುಡ್ಡಕ್ಕೆ ಒರಗಿಸಿ ಕಟ್ಟಿದ ಹದಿನಾಲ್ಕು ಅಂತಸ್ತಿನ ಅಂಗಡಿಗಳ ಕಟ್ಟಡ. ಎಲ್ಲರನ್ನೂ ಮೇಲಿನ ರಸ್ತೆಯಲ್ಲಿ, ಅಂದರೆ ಹದಿನಾಲ್ಕನೇ ಅಂತಸ್ತಿನ ಬಾಗಿಲಲ್ಲಿ ಇಳಿಸಿ, ನಾನು ಸುತ್ತುಹಾಕಿ ನದಿ ಪಕ್ಕದ ರಸ್ತೆಗೆ ಬಂದೆ. ರಾನಕ್ಕ ಬಾವುಟ ಎತ್ತಿ, "ನೋಡ್ಕೊಂಡು ಕೆಳಗಿಳಿದು ರಸ್ತೆ ಬಾಗಿಲ ಹತ್ರ ಬನ್ನಿ, ಬಸ್ಸು ಅಲ್ಲೇ ಇರುತ್ತೆ" ಅಂದಳಂತೆ. ನಮ್ಮೂರಲ್ಲಿ ಹುಟ್ಟಿದ ಯಾರಾದರೂ ಹಾಗೇ ಹೇಳುವುದು. ಇಲ್ಲಿ ಗುಡ್ಡದ ಒಂದೊಂದು ಮಟ್ಟಕ್ಕೂ ಒಂದೊಂದು ರಸ್ತೆ ಇರುತ್ತದೆಂಬುದು ಉಸಿರಾಟದಷ್ಟು ಸಲೀಸಾಗಿರುವುದರಿಂದ, ಬಿಡಿಸಿ ಹೇಳಬೇಕೆಂದು ಹೊಳೆಯುವುದೇ ಇಲ್ಲ.

ಬಸ್ಸಿಗೆ ಬಂದವರು ಇಪ್ಪತ್ತೊಂಬತ್ತು ಮಂದಿ.

"ಅಮ್ಮ ಎಲ್ಲಿ?" ಯಾನ್‌ಷಿಯಾ ಕೂಗಿದಳು. "ಲಿಫ್ಟಲ್ಲಿ ಬರ್ತೀನಿ ಅಂದ್ರು. ನೀವು ಜೊತೇಲಿರ್ತೀರ ಅಂದ್ಕೊಂಡೆ! ಫೋನೂ ನನ್ನ ಚೀಲದಲ್ಲೇ ಇದೆ! ಏನಾದ್ರೂ ಆದ್ರೆ ನಿಮ್ಮನ್ನ ಸುಮ್ನೆ ಬಿಡಲ್ಲ, ನೋಡ್ತಿರಿ!"

ಜುಲೈ ಬಿಸಿಲು ತಲೆ ಸುಡುತ್ತಿತ್ತು. ರಾನಕ್ಕನ ಮುಖ ಬಿಳುಚಿಕೊಂಡಿತು. ಹತ್ತು ನಿಮಿಷ ಕೆಳಗಿನ ಅಂತಸ್ತಿನಲ್ಲೆಲ್ಲ ಓಡಾಡಿ ಬಂದು, ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದಳು.

"ಮೋ ಅಣ್ಣ, ಬಯಲುಸೀಮೆಯೋರು ಎದುರಿಗೆ ರಸ್ತೆ ಕಂಡ್ರೆ ಏನಂದ್ಕೋತಾರೆ?"

"ನೆಲ ಬಂತು ಅಂತ."

"ಅಯ್ಯೋ ನನ್ನ ಬುದ್ಧಿಗಿಷ್ಟು! ಎಂಟನೇ ಅಂತಸ್ತು! ಅಲ್ಲೂ ರಸ್ತೆಗೆ ಬಾಗಿಲಿದೆ!"

ಯಾನ್‌ಷಿಯಾಳೂ ಸೇರಿ ಮೂವರೂ ಲಿಫ್ಟಿಗೆ ಓಡಿದೆವು. ಎಂಟನೇ ಅಂತಸ್ತಿನ ಬಾಗಿಲ ಆಚೆಯೂ ಅಗಲವಾದ ರಸ್ತೆ, ಬಸ್ ಸ್ಟಾಪು, ಒಂದು ದೊಡ್ಡ ಮರ. ಮರದ ನೆರಳಲ್ಲಿ ಪಾನಕದಂಗಡಿಯ ಹೆಂಗಸಿನ ಪಕ್ಕ ಬಿದಿರಿನ ಸ್ಟೂಲಿನ ಮೇಲೆ ಕೂತು ಕೋ ಅಜ್ಜಿ ಅವಳ ಅವರೆಕಾಯಿ ಸುಲಿದುಕೊಡುತ್ತಿದ್ದರು.

"ಎಲ್ಲಿ ಹೋಗಿದ್ರಿ ಎಲ್ಲರೂ?" ಅಜ್ಜಿಯೇ ಗದರಿದರು. "ಲಿಫ್ಟ್ ಬಾಗಿಲು ತೆರೀತು, ರಸ್ತೆ ಕಾಣಿಸ್ತು, ಇಳಿದೆ. ಅರ್ಧ ಗಂಟೆಯಿಂದ ಕಾಯ್ತಿದೀನಿ. ಪಾಪ, ಇವಳು ಕೂರಿಸಿ ತಣ್ಣಗೆ ಕುಡಿಯೋಕೂ ಕೊಟ್ಳು."

ಯಾನ್‌ಷಿಯಾ ತಾಯಿಯನ್ನು ಬಾಚಿ ತಬ್ಬಿಕೊಂಡು ಅತ್ತಳು. ರಾನಕ್ಕ ಅವಳ ಮುಂದೆ ನಿಂತು, "ತಪ್ಪು ನನ್ನದೇ. ಯಾವ ರಸ್ತೆ ಅಂತ ಹೇಳ್ಲಿಲ್ಲ, ಜೊತೆಗೂ ಬರ್ಲಿಲ್ಲ. ದೂರು ಕೊಡಿ, ನಾನು ಬೇಡ ಅನ್ನಲ್ಲ" ಅಂದಳು.

ನನಗೆ ತಡೆಯಲಾಗಲಿಲ್ಲ. "ಕೊಡಿ ತಾಯಿ, ಕೊಡಿ. ಹತ್ತೊಂಬತ್ತು ವರ್ಷದಿಂದ ಎಲ್ಲರ ಹಿಂದೆ ನಡೆದು ಒಬ್ಬರನ್ನೂ ಕಳಕೊಂಡೋಳಲ್ಲ ಇವಳು. ಇವತ್ತು ಯಾರೋ ಪುಣ್ಯಾತ್ಮರು ದೂರು ಬರೆದು ಮುಂದಕ್ಕೆ ಕಳಿಸಿದ್ರು. ಇದೊಂದನ್ನೂ ಬರೆದ್ರೆ ಕೆಲಸವೂ ಹೋಗುತ್ತೆ" ಎಂದೆ.

ಯಾನ್‌ಷಿಯಾ ತಲೆ ತಗ್ಗಿಸಿದಳು. ಕತ್ತಿನವರೆಗೂ ಕೆಂಪಾದಳು.

"ಬರೆದೋಳು ನಾನೇ" ಅಂದಳು ಮೆಲ್ಲಗೆ.

ಅಜ್ಜಿ ಕೈಗಂಟಿದ ಸಿಪ್ಪೆ ಕೊಡವಿ ಮಗಳ ಕಡೆ ತಿರುಗಿದರು.

"ನನ್ನ ಗಂಡ ಹೋದ ಮೇಲೆ ನನ್ನ ನಡಿಗೆಗೆ ಯಾರೂ ಕಾದಿಲ್ಲ ಕಣೇ. ನೀನೂ ಕಾದಿಲ್ಲ. ಬೆಳಿಗ್ಗೆ ಇವಳು ಕಾದ್ಳು. ನಾನು ನೋಡಿದ ಊರು ಅಂದ್ರೆ ಬೆಳಗಿಂದು ಅಷ್ಟೇ. ತೆಗಿ ಫೋನು, ಅದನ್ನ ಬರಿ."

ಮಗಳು ಅಲ್ಲೇ, ಮರದ ಬುಡದಲ್ಲಿ ಕೂತು ಬರೆದಳು. ಕಣ್ಣೊರೆಸಿಕೊಳ್ಳುತ್ತ ಬರೆದದ್ದರಿಂದ ತುಂಬ ಹೊತ್ತು ಹಿಡಿಯಿತು. ಬರೆದು ಕಳಿಸಿದ ಮೇಲೆ ಎದ್ದು ರಾನಕ್ಕನ ಎರಡೂ ಕೈ ಹಿಡಿದುಕೊಂಡಳು. ರಾನಕ್ಕ, "ಹೋಗ್ಲಿ ಬಿಡಿ ತಂಗಿ, ನಿಮ್ಮ ರೈಲಿಗೆ ಹೊತ್ತಾಯ್ತು" ಅಂದಳು.

ಅವಳು ಬರೆದದ್ದೇನೆಂದು ನಾನು ಓದಿಲ್ಲ, ಅದನ್ನೋದಿದ ಮ್ಯಾನೇಜರ್ ಮಾತ್ರ ಮತ್ತೆ ಮುಂದೆ ನಡೀರಿ ಅನ್ನಲಿಲ್ಲ. ಆ ಅಜ್ಜಿಯ ಊರಿನ ಹೆಸರೂ ನನಗೆ ಸರಿಯಾಗಿ ನೆನಪಿಲ್ಲ. ಆದರೆ ಅವರ ಋಣ ನನ್ನ ಮೇಲೆ ಇದ್ದೇ ಇದೆ. ಮರುದಿನ ಬೆಳಿಗ್ಗೆ ಎಂಟಕ್ಕೆ ಹೊಸ ಗುಂಪಿನ ನಲವತ್ತು ಮಂದಿ ಬಸ್ಸು ಹತ್ತಿದರು, ಎಲ್ಲರೂ ಹತ್ತಿದ ಮೇಲೆ ರಾನಕ್ಕ ಹತ್ತಿದಳು.