ಡಾಕ್ಟರು ಹೇಳಿದ್ದು, ನಾನು ಹೇಳಿದ್ದು

ಅಕ್ಕ, ನಿನ್ನ ಸ್ಕ್ಯಾನಿನಲ್ಲಿ ಏನೂ ಇಲ್ಲವೆಂದು ನಾನು ಹೇಳಿದ್ದು ಸುಳ್ಳು. ಇತ್ತು. ನನಗೆ ಗೊತ್ತಿತ್ತು.

ನಿನ್ನ ತಲೆನೋವಿಗೆಂದು ಜಯನಗರದ ಆಸ್ಪತ್ರೆಗೆ ಹೋದೆವಲ್ಲ — ಕೈಗೆ ಔಷಧಿ ಚುಚ್ಚಿ ತಲೆಯ ರಕ್ತನಾಳಗಳ ಸ್ಕ್ಯಾನ್, ಸಿಟಿ ಆಂಜಿಯೋ, ಮಾಡಿದರು. ಮೈಯೆಲ್ಲ ಒಮ್ಮೆಲೇ ಬಿಸಿಯಾಯಿತೆಂದು ನೀನು ನಗುತ್ತ ಹೊರಗೆ ಬಂದೆ. ನಿನ್ನನ್ನು ಕ್ಯಾಂಟೀನಿನಲ್ಲಿ ಕೂರಿಸಿ ನಾನೊಬ್ಬನೇ ಡಾಕ್ಟರ ಬಳಿ ಹೋದೆ. ನಮ್ಮ ಮನೆಗಳಲ್ಲಿ ಹಾಗೇ ತಾನೆ, ಕಾಯಿಲೆ ಯಾರದ್ದಾದರೂ ಮೊದಲು ಕೇಳಿಸಿಕೊಳ್ಳುವವರು ಗಂಡಸರು. ಡಾಕ್ಟರು ಪರದೆಯ ಮೇಲೆ ತೋರಿಸಿದರು: ಮೆದುಳಿನ ಒಂದು ರಕ್ತನಾಳ ಸಣ್ಣ ಗುಳ್ಳೆಯಂತೆ ಉಬ್ಬಿತ್ತು. ಒಡೆಯುವ ಮೊದಲೇ, ತೊಡೆಯ ನಾಳದಿಂದ ತಂತಿ ಹಾಯಿಸಿ ಮುಚ್ಚಿಬಿಡಬಹುದು, ತಡ ಮಾಡಬೇಡಿ ಎಂದರು. ಆಮೇಲೆ ಇನ್ನೊಂದು ಮಾತು:

"ನಿಮ್ ತಾಯಿನೂ ತಲೇಲಿ ರಕ್ತಸ್ರಾವ ಆಗಿ ಹೋದ್ರು ಅಂದ್ರಲ್ಲ, ನೀವೂ ಒಂದ್ಸಲ ಮಾಡಿಸ್ಕೊಳ್ಳಿ ಸಾರ್. ಕೆಲವು ಮನೆತನಗಳಲ್ಲಿ ಇದು ಬರುತ್ತೆ."

ನನ್ನ ತಲೆಯಲ್ಲಿ ಉಳಿದದ್ದು ಆ ಕೊನೆಯ ಮಾತೊಂದೇ. ನನ್ನ ಮಗಳು ವಿದ್ಯಾಳ ಮದುವೆಯ ಮಾತುಕತೆ ಆಗಿತ್ತು. ಗಂಡಿನ ಕಡೆಯವರು ತ್ಯಾಗರಾಜನಗರದವರು, ಎಲ್ಲವನ್ನೂ ವಿಚಾರಿಸುವ ಜನ. ವಂಶದಲ್ಲೇ ಏನೋ ಇದೆಯಂತೆ ಎಂದು ಅವರ ಕಿವಿಗೆ ಬಿದ್ದರೆ — ಮದುವೆ ಒಂದು ಮುಗಿಯಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡೆ.

"ಏನೂ ಇಲ್ವಂತೆ ಕಣಕ್ಕ, ಬರೀ ಗ್ಯಾಸ್ಟ್ರಿಕ್ಕಂತೆ" ಎಂದೆ. ನೀನು ಸಮಾಧಾನದಿಂದ ಇನ್ನೊಂದು ಕಾಫಿ ತರಿಸಿದೆ.

ಚಪ್ಪರದ ದಿನ ಹೂ ಕಟ್ಟುತ್ತಿದ್ದವಳು ತಲೆ ಹಿಡಿದುಕೊಂಡು ಕುಸಿದೆ. ನೀನು ಐಸಿಯುನಲ್ಲಿದ್ದಾಗಲೇ, ಮುಹೂರ್ತ ತಪ್ಪಿಸಬಾರದೆಂದು ಮದುವೆ ಮಾಡಿ ಮುಗಿಸಿದೆವು. ಆಪರೇಷನ್ ಆಗಿ ಜೀವ ಉಳಿಯಿತು. ಬಲಗೈ ಮಾತ್ರ ಮತ್ತೆ ಏಳಲಿಲ್ಲ. ಜೇಪಿ ನಗರದ ಎಷ್ಟು ಹೆಂಗಸರ ರವಿಕೆ ಹೊಲಿದ ಕೈ ಅದು...

ನೋಡಲು ಬಂದವರಿಗೆಲ್ಲ ನೀನು ಹೇಳುತ್ತೀ: "ನನ್ ತಮ್ಮ ಟೈಮಿಗೆ ಸರಿಯಾಗಿ ಆಸ್ಪತ್ರೆಗೆ ಸೇರಿಸ್ದ, ಅದಕ್ಕೇ ಬದುಕಿದೀನಿ." ಪಕ್ಕದಲ್ಲೇ ಕುಳಿತು ನಾನೂ ತಲೆಯಾಡಿಸಿದ್ದೇನೆ — ಇಷ್ಟು ವರ್ಷ. ನಾಚಿಕೆಯಾಗುತ್ತದೆ.

ಹೋದ ತಿಂಗಳು ನಾನೂ ಸ್ಕ್ಯಾನ್ ಮಾಡಿಸಿದೆ. ನನಗೂ ಇದೆ. ಇನ್ನು ವಿದ್ಯಾಳೂ ಮಾಡಿಸಿಕೊಳ್ಳಲೇಬೇಕು. ಇದು ಮನೆತನದ್ದೆಂದು ನಿಮಗೆ ಯಾವಾಗ ಗೊತ್ತಾಯಿತು ಅಪ್ಪ ಎಂದು ಅವಳು ಕೇಳದೆ ಬಿಡುವುದಿಲ್ಲ. ಅದಕ್ಕೆ ಇರುವುದು ಒಂದೇ ಉತ್ತರ.

ಭಾನುವಾರ ಅವಳೂ ಅಳಿಯನೂ ಬೀಗರೂ ಮನೆಗೆ ಬರುತ್ತಾರೆ. ಅವರೆಲ್ಲರೆದುರು ಇದನ್ನೇ ಹೇಳುತ್ತೇನೆ. ಎಲ್ಲರಿಗಿಂತ ಮೊದಲು ನಿನಗೆ ಗೊತ್ತಾಗಬೇಕಿತ್ತು, ಅದೂ ಅಂದೇ, ಆ ಕ್ಯಾಂಟೀನಿನಲ್ಲೇ. ಇನ್ನು ಯಾರೆದುರೂ ನನ್ನನ್ನು ಹೊಗಳಬೇಡ, ಅಕ್ಕ.