ಮೈತ್ರಿಯ ಖೀಮಾ ಉಂಡೆ, ಅತ್ತೆಯ ಸೌಟು

ಹೋದ ಭಾನುವಾರ ನಮ್ಮ ಅತ್ತೆಯ ಕೈಯಲ್ಲಿದ್ದ ಸೌಟಿಗೆ ಕೆಲಸವೇ ಇಲ್ಲದಂತಾಯಿತು. ಹಾಗೆ ಮಾಡಿದ್ದು ಹತ್ತು ತಿಂಗಳ ಒಂದು ಹುಡುಗಿ. ಅವಳಿಗೆ ಇನ್ನೂ ನಿಲ್ಲಲೂ ಬರುವುದಿಲ್ಲ!

ಬಿಡಿಸಿ ಹೇಳುತ್ತೇನೆ. ಶಹಾಪುರದ ನಮ್ಮ ಮನೆಯಲ್ಲಿ ಭಾನುವಾರವೆಂದರೆ ಮಟನ್. ಅಡುಗೆ ಯಾರೇ ಮಾಡಲಿ, ಬಡಿಸುವುದು ಮಾತ್ರ ಎಪ್ಪತ್ತು ದಾಟಿದ ಅತ್ತೆ. ಬೋಗುಣಿಯ ಮುಂದೆ ಕೂತು ಒಮ್ಮೆ ಸೌಟು ತಿರುವಿದರೆ ಸಾಕು, ಯಾವ ತುಂಡು ಎಲ್ಲಿದೆ ಅಂತ ಅವರಿಗೆ ಗೊತ್ತಾಗುತ್ತದೆ. ಮಜ್ಜೆ ತುಂಬಿದ ನಳ್ಳಿ ಎಲುಬು ನನ್ನ ಗಂಡನಿಗೆ. ಕಲೇಜಿ, ಅಂದರೆ ಲಿವರ್, ಮಗನಿಗೆ. ಮೆತ್ತನೆಯ ತುಂಡು ಹಾಲುಣಿಸುವ ಸೊಸೆ ರೇಣುಕಾಗೆ. ನನಗೆ ಪಕ್ಕೆಲುಬು (ನನಗೆ ಅದೇ ಇಷ್ಟ, ಅವರಿಗದು ಗೊತ್ತು). ಈ ಹಂಚಿಕೆಗೆ ಯಾರೂ ತಕರಾರು ತೆಗೆಯುವುದಿಲ್ಲ. ಮನೆ ಗಂಡನ ಹೆಸರಿನಲ್ಲಿದೆ, ಗ್ಯಾಸ್ ನನ್ನ ಹೆಸರಿನಲ್ಲಿದೆ, ಸೌಟು ಮಾತ್ರ ಅತ್ತೆಯದು.

ಈಗ ಮೈತ್ರಿಯ ವಿಷಯ. ನನ್ನ ಮೊಮ್ಮಗಳು. ಬಾಯಲ್ಲಿ ನಾಲ್ಕು ಹಲ್ಲು. ಗಂಜಿ ತಂದರೆ ಮುಖ ತಿರುಗಿಸುತ್ತಾಳೆ, ನಮ್ಮ ತಾಟು ಕಂಡರೆ ಅಂಬೆಗಾಲಿಡುತ್ತಾ ಬರುತ್ತಾಳೆ. ಒಮ್ಮೆ ನನ್ನ ಸಾರಿನಲ್ಲಿ ಬೆರಳದ್ದಿ ಬಾಯಿಗಿಟ್ಟುಕೊಂಡಳು. ಆಮೇಲೆ ಓಣಿ ತುಂಬ ಅವಳದೇ ಅಳು. ನಮ್ಮ ಕಡೆಯ ಖಾರ ನಿಮಗೆ ಗೊತ್ತಲ್ಲ?

ಮಾಂಸ ಶುರು ಮಾಡಬಹುದು, ಮೆತ್ತಗಿರಲಿ ಅಂತ ಡಾಕ್ಟರ್ ಹೇಳಿದ್ದರು. ರೇಣುಕಾ ಒಂದು ಪ್ಲ್ಯಾನ್ ಮಾಡಿದಳು. ಮಗುವಿಗೊಂದು ಅಡುಗೆ, ನಮಗೊಂದು ಅಡುಗೆ ಯಾಕೆ? ಅವಳು ತಿನ್ನುವುದನ್ನೇ ಎಲ್ಲರೂ ತಿನ್ನೋಣ ಅಂದಳು. ನನ್ನ ಮಗನಿಗೆ ಖೀಮಾ ತರಲು ಹೇಳಿ, ಎರಡು ಸಲ ಮಷಿನ್‌ಗೆ ಹಾಕಿಸಬೇಕು ಅಂತ ತಾಕೀತು ಮಾಡಿದಳು. ಉಳಿದಿದ್ದ ಖಡಕ್ ರೊಟ್ಟಿಯನ್ನು ಮಿಕ್ಸರ್‌ನಲ್ಲಿ ಪುಡಿ ಮಾಡಿ, ಬೇಯಿಸಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ ಸೇರಿಸಿ ಖೀಮಾದ ಜೊತೆ ಕಲಸಿದಳು. ಮೆಣಸಿನಕಾಯಿ ಇಲ್ಲ. ಉಪ್ಪೂ ಇಲ್ಲ. ಸಣ್ಣ ಸಣ್ಣ ಉಂಡೆ ಕಟ್ಟಿ, ಅರಿಶಿನ ಹಾಕಿದ ತೆಳು ಸಾರಿಗೆ ಬಿಟ್ಟು ನಿಧಾನಕ್ಕೆ ಬೇಯಿಸಿದಳು. ಉಪ್ಪು ಖಾರ ಬೇಕಾದವರಿಗೆ ಪಕ್ಕದಲ್ಲಿ ಕೆಂಪು ಚಟ್ನಿ.

ನನ್ನ ಗಂಡ ಬೋಗುಣಿಯಲ್ಲಿ ಇಣುಕಿ, ಮನೆಯಲ್ಲಿ ಯಾರಿಗಾದರೂ ಜ್ವರ ಬಂದಿದೆಯಾ ಅಂತ ಕೇಳಿದರು.

ಎಲ್ಲರೂ ಕೂತೆವು. ಅತ್ತೆ ಎಂದಿನಂತೆ ಸೌಟು ತಿರುವಿದರು. ಇನ್ನೊಮ್ಮೆ ತಿರುವಿದರು. ಬರೀ ಉಂಡೆ. ನಳ್ಳಿ ಇಲ್ಲ, ಕಲೇಜಿ ಇಲ್ಲ, ಪಕ್ಕೆಲುಬು ಇಲ್ಲ. ಎಲ್ಲವೂ ಒಂದೇ ಥರ ಇದ್ದರೆ ಆರಿಸುವುದು ಏನನ್ನು?

"ಇದ್ರಾಗ ನಾ ಏನ್ ನೀಡ್ಲಿ? ನೀವ ತಗೋರಿ," ಅಂದು ಸೌಟು ಕೆಳಗಿಟ್ಟರು.

ನಾವು ಮಗುವಿನ ಬಾಯಿ ನೋಡಿದ್ದೆವು, ಈ ಹಿರಿಯ ಜೀವದ ಮುಖ ನೋಡಿರಲಿಲ್ಲ. ತೋಳು ಸೋತ ಮೇಲೆ ಅವರು ರೊಟ್ಟಿ ಬಡಿಯುವುದು ಬಿಟ್ಟರು. ಮೊಣಕಾಲು ಹಿಡಿದುಕೊಂಡ ಮೇಲೆ ಸಂತೆಗೆ ಹೋಗುವುದು ಬಿಟ್ಟರು. ಉಳಿದದ್ದು ಈ ಬಡಿಸುವ ಕೆಲಸ ಒಂದೇ. ಅದನ್ನೂ ನಾವೇ ಕಿತ್ತುಕೊಂಡೆವಾ?

ರೇಣುಕಾ ಜಾಣೆ (ಹುಣಸಗಿಯವಳು, ಮಾತು ಕಡಿಮೆ). ಸುಮ್ಮನೆ ಒಂದು ಉಂಡೆ ತೆಗೆದು ಅತ್ತೆಯ ತಾಟಿಗೆ ಹಾಕಿದಳು.

"ಆಯಿ, ಬಿಸಿ ಎಷ್ಟದ ನೋಡ್ರಿ. ಕೂಸಿಗಿ ಕೊಡೂದದ."

ಸಿಕ್ಕಿತಲ್ಲ ಕೆಲಸ! ಅತ್ತೆ ಚೂರು ಮುರಿದು ಬಾಯಿಗಿಟ್ಟುಕೊಂಡರು. ಬಿಸಿ ಇದೆ ಅಂದರು. ಇನ್ನೊಂದು ಚೂರು ತಿಂದು, ಮೆತ್ತಗಾಗಿದೆ ಅಂದರು. ಎಲುಬಿನ ಪುಡಿ ಬಂದಿದೆಯೋ ಏನೋ ಅಂತ ಮತ್ತೊಂದು ಚೂರು. ಅಷ್ಟರಲ್ಲಿ ಉಂಡೆ ಮುಗಿಯಿತು. ರೇಣುಕಾ ಮತ್ತೊಂದು ಹಾಕಿದಳು. ಅದನ್ನೂ ನೋಡಬೇಕಲ್ಲ, ಅದೂ ಬಿಸಿ ಇದ್ದರೆ?

ಹೀಗೆ ಟೆಸ್ಟ್ ನಡೆದೇ ಇತ್ತು. ಮೈತ್ರಿ ಅವರ ಪಕ್ಕದಲ್ಲಿ ಕೂತು, ಅವರು ಹಿಚುಕಿ ಆರಿಸಿಟ್ಟದ್ದನ್ನು ಎರಡೂ ಕೈಯಿಂದ ತಿಂದಳು. ಅಳಲಿಲ್ಲ, ಉಗುಳಲಿಲ್ಲ. ಮೂಗಿಗೂ ಒಂದಿಷ್ಟು ತಿನ್ನಿಸಿದಳು. ನನ್ನ ಗಂಡ ಚಟ್ನಿ ಹಚ್ಚಿಕೊಂಡು ತಿನ್ನುತ್ತಾ ಜ್ವರದ ಮಾತನ್ನೇ ಮರೆತರು.

ಆಗ ನನಗೆ ಹೊಳೆಯಿತು. ಅತ್ತೆ ನಮ್ಮ ಜೊತೆ ಕೂತು, ಬಿಸಿ ಇರುವಾಗಲೇ ಮಟನ್ ತಿಂದದ್ದನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ. ಬಡಿಸುವವರು ಕೊನೆಗೆ ಉಣ್ಣುತ್ತಾರೆ. ಕೊನೆಗೆ ಬೋಗುಣಿಯಲ್ಲಿ ಏನು ಉಳಿದಿರುತ್ತದೆ? ಸಾರು, ಮತ್ತೆ ಯಾರಿಗೂ ಬೇಡವಾದ ಎಲುಬು. ನಮ್ಮೆಲ್ಲರ ಇಷ್ಟ ಅವರಿಗೆ ಬಾಯಿಪಾಠ. ಅವರ ಇಷ್ಟ?

ಕೇಳಿಯೇಬಿಟ್ಟೆ. ಮಟನ್‌ನಲ್ಲಿ ನಿಮಗೆ ಯಾವ ತುಂಡು ಸೇರುತ್ತದೆ ಅಂತ.

ಅತ್ತೆ ಮೈತ್ರಿಯ ಗಲ್ಲ ಒರೆಸಿದರು. ಸ್ವಲ್ಪ ನಾಚಿಕೊಂಡರು ಕೂಡ.

"ಯಾರಿಗ್ಗೊತ್ತವ್ವ. ಯಾರೂ ಕೇಳಿದ್ದಿಲ್ಲ."

ಹಾಗಂದವರೇ ಕೈ ಚಾಚಿ, ಈ ಸಲ ಯಾವ ನೆಪವನ್ನೂ ಹೇಳದೆ, ಇನ್ನೊಂದು ಉಂಡೆ ಹಾಕಿಕೊಂಡರು. ನನ್ನ ಕಣ್ಣು ತುಂಬಿ ಬಂತು. ಖಾರದ ಮೇಲೆ ಹಾಕೋಣವೆಂದರೆ ಅಡುಗೆಯಲ್ಲಿ ಖಾರವೇ ಇರಲಿಲ್ಲ.

ನಿಮ್ಮ ಮನೆಯಲ್ಲಿ ಬಡಿಸುವವರಿಗೆ ಯಾವ ತುಂಡು ಇಷ್ಟ ಅಂತ ಒಮ್ಮೆಯಾದರೂ ಕೇಳಿದ್ದೀರಾ?